ನಿಮಗಿದು ಗೊತ್ತೇ? ಕಾಫಿ ಸೀಮೆಯ ಸಂಘಗಳ ‘(ರಿ.)’ ಪುರಾಣ

ಮೂಡಿಗೆರೆಯಿಂದ ಕಳಸದವರೆಗೆ ರಸ್ತೆ ಬದಿಯ ಬೋರ್ಡುಗಳನ್ನು ಓದುತ್ತ ಹೋಗಿ. ಯುವಕ ಸಂಘ (ರಿ.), ಮಹಿಳಾ ಮಂಡಳಿ (ರಿ.), ಹೋಬಳಿ ಬೆಳೆಗಾರರ ಸಂಘ (ರಿ.), ಕಲಾ ಸಂಘ (ರಿ.). ಬೋರ್ಡಿನ ಬಣ್ಣ ಹೋದರೂ ‘ರಿ.’ ಹೋಗುವುದಿಲ್ಲ. ಅದರ ಹಿಂದಿರುವ ಕಾಗದದ ಕಥೆ ಮಾತ್ರ ಬೇರೆ. ಸಂಘ ಕಟ್ಟುವುದು ಗಿಡ ನೆಟ್ಟಷ್ಟು ಸುಲಭ. ವರ್ಷವರ್ಷವೂ ಅದರ ಲೆಕ್ಕಪತ್ರ ಒಪ್ಪಿಸುವುದು ಕಪಾತಿನಂಥ, ಅಂದರೆ ಗಿಡದ ರೆಂಬೆ ಸವರುವಂಥ ಕೆಲಸ, ಯಾರಿಗೂ ಬೇಡ, ಬಿಟ್ಟರೆ ಫಸಲೂ ಇಲ್ಲ. ಈ ಸಲದ ಅಂಕಣ ಆ ಕಪಾತಿನ ಬಗ್ಗೆ.

● ಸಂಘ ನೋಂದಾಯಿಸಲು ಎಷ್ಟು ಜನ ಬೇಕು? ಏಳು. ಎಲ್ಲರಿಗೂ 18 ತುಂಬಿರಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960 ಕೇಳುವ ಮುಖ್ಯ ಕಾಗದಗಳು ಎರಡೇ: ಸಂಘ ಏಕೆ ಎಂದು ಹೇಳುವ ಜ್ಞಾಪನಪತ್ರ, ಸಂಘ ಹೇಗೆ ನಡೆಯುತ್ತದೆ ಎಂದು ಹೇಳುವ ನಿಯಮಾವಳಿ. ಎರಡನೆಯದನ್ನು ನಮ್ಮ ಕಡೆ ಎಲ್ಲರೂ ‘ಬೈಲಾ’ ಎನ್ನುತ್ತಾರೆ. ಬಹುತೇಕ ಬೈಲಾಗಳು ಪಕ್ಕದೂರಿನ ಸಂಘದ ಬೈಲಾದ ನಕಲು. ನಕಲಿಗೆ ತಕರಾರಿಲ್ಲ, ಓದದೆ ಸಹಿ ಹಾಕುವುದಕ್ಕೆ ತಕರಾರಿದೆ. ಮುಂದೆ ಜಗಳ ಬಂದಾಗ ಕೋರಂ ಎಷ್ಟು, ಪದಾವಧಿ ಎಷ್ಟು, ಚೆಕ್ಕಿಗೆ ಯಾರ ಸಹಿ ಎಂದು ಎಲ್ಲರೂ ಬಿಡಿಸಿ ನೋಡುವುದು ಆ ನಕಲನ್ನೇ.

● ಚಾರ್ಮಾಡಿ ಘಾಟಿಯ ಮೇಲೊಂದು ಕಾಯ್ದೆ, ಕೆಳಗೊಂದು ಕಾಯ್ದೆ ಇದ್ದ ಕಾಲವೊಂದಿತ್ತು. ಮೇಲಿನದು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರ ತನಕ ಅದೇ ಹೆಸರು. ಅಲ್ಲಿಗೆ 1904ರ ಮೈಸೂರು ಕಾಯ್ದೆ. ಕೊಟ್ಟಿಗೆಹಾರದಿಂದ ಇಳಿದು ಬೆಳ್ತಂಗಡಿ ಸೇರಿದರೆ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. ಅಲ್ಲಿಗೆ 1860ರ ಅಖಿಲ ಭಾರತ ಕಾಯ್ದೆ. ಹೈದರಾಬಾದ್ ಸೀಮೆಯಲ್ಲಿ ಇನ್ನೊಂದು, ಅದರ ವರ್ಷ ಫಸಲಿ 1350. ರಾಜ್ಯ ಒಂದಾದ ಮೇಲೆ 1960ರ ಕಾಯ್ದೆ ಇವನ್ನೆಲ್ಲ ಬದಿಗೆ ಸರಿಸಿತು.

ಸರಿಯದೆ ಉಳಿದದ್ದು ಕಾಸರಗೋಡಿನಲ್ಲಿ. ಕೇರಳದ ಮಲಬಾರ್ ಭಾಗಕ್ಕೆ ಇವತ್ತಿಗೂ 1860ರ ಕಾಯ್ದೆಯೇ ಅನ್ವಯ. ಅಲ್ಲಿನ ಕನ್ನಡ ಸಂಘವೊಂದು ನೋಂದಣಿಗೆ ಹೋದರೆ ಅದು ಎದುರಿಸುವುದು ಸಿಪಾಯಿ ದಂಗೆಯ ಮೂರು ವರ್ಷದ ನಂತರ ಬ್ರಿಟಿಷರು ಬರೆದ ಅದೇ ಶಾಸನವನ್ನು.

● ‘ಸಂಘದ ರಿನ್ಯೂವಲ್ ಆಗಿದೆಯಾ?’ ಈ ಪ್ರಶ್ನೆ ಎಲ್ಲರ ಬಾಯಲ್ಲೂ ಇದೆ. ಆದರೆ ಕರ್ನಾಟಕದಲ್ಲಿ ಸಂಘದ ನೋಂದಣಿ ಪತ್ರಕ್ಕೆ ಮುಗಿಯುವ ದಿನಾಂಕವೇ ಇಲ್ಲ! ಉತ್ತರ ಪ್ರದೇಶದಲ್ಲಾದರೆ ಐದು ವರ್ಷಕ್ಕೊಮ್ಮೆ ಪ್ರಮಾಣಪತ್ರವನ್ನೇ ನವೀಕರಿಸಬೇಕು. ನಮ್ಮಲ್ಲಿ ನವೀಕರಣ ಎಂದು ಕರೆಯುವುದು 1960ರ ಕಾಯ್ದೆಯ ಕಲಂ 13ರ ವಾರ್ಷಿಕ ಸಲ್ಲಿಕೆಯನ್ನು. ವಾರ್ಷಿಕ ಮಹಾಸಭೆ ನಡೆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕಪತ್ರ ಜಿಲ್ಲಾ ನೋಂದಣಾಧಿಕಾರಿಗೆ ತಲುಪಬೇಕು. ಹೊಸ ಸರ್ಟಿಫಿಕೇಟ್ ಸಿಗುವುದಿಲ್ಲ. ಸಿಗುವುದು ಕಚೇರಿಯ ಮೊಹರು ಬಿದ್ದ ಹಿಂಬರಹ. ಅನುದಾನ ಕೇಳಲು ಹೋದಾಗ, ಬ್ಯಾಂಕಿನಲ್ಲಿ ಸಹಿದಾರರನ್ನು ಬದಲಿಸಲು ಹೋದಾಗ ಅವರು ‘ರಿನ್ಯೂವಲ್ ಕಾಪಿ ಕೊಡಿ’ ಎನ್ನುವುದು ಈ ಹಾಳೆಯನ್ನೇ.

● ಆ ವಾರ್ಷಿಕ ಸಲ್ಲಿಕೆಯ ಫೈಲಿನಲ್ಲಿ ಏನೇನಿರುತ್ತದೆ? ಮುಖಪತ್ರ, ಖಜಾನೆ-2ರಲ್ಲಿ ತೆಗೆದ ಚಲನ್, ಸಭೆಯ ನೋಟಿಸು, ನಡಾವಳಿಯ ನಕಲು, ಹಾಜರಾದವರ ಸಹಿ, ಪದಾಧಿಕಾರಿಗಳ ಹೆಸರು-ವಿಳಾಸ-ಉದ್ಯೋಗದ ಪಟ್ಟಿ, ಆಡಿಟರ್ ಸೀಲು ಬಿದ್ದ ಜಮಾ-ಖರ್ಚು ಮತ್ತು ಆಸ್ತಿ-ಹೊಣೆ ತಖ್ತೆ, ಮೂಲ ನೋಂದಣಿ ಪತ್ರದ ಜೆರಾಕ್ಸ್. ಉದ್ಯೋಗ ಎಂಬ ಕಾಲಂನಲ್ಲಿ ನಮ್ಮ ಕಡೆ ಮೇಲಿಂದ ಕೆಳಗೆ ಒಂದೇ ಉತ್ತರ: ಕೃಷಿಕರು, ಕೃಷಿಕರು, ಕೃಷಿಕರು.

● ಇನ್ನು ಕಾಲದ ಲೆಕ್ಕ. ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಆಗ ಕಾಫಿಯವರು ರೋಬಸ್ಟಾ ಕೊಯ್ಲು ಮುಗಿಸಿ ಹೂಮಳೆಗೆ ಬಾನು ನೋಡುತ್ತಿರುತ್ತಾರೆ, ಬಾರದಿದ್ದರೆ ಸ್ಪ್ರಿಂಕ್ಲರ್ ಹಿಂದೆ ಓಡುತ್ತಿರುತ್ತಾರೆ. ಏಪ್ರಿಲ್-ಮೇ ಮದುವೆ, ಗೃಹಪ್ರವೇಶ. ಆಡಿಟ್ ಮುಗಿದು ಮಹಾಸಭೆ ಕರೆಯುವ ಹೊತ್ತಿಗೆ ಜೂನ್ ಹಿಡಿದ ಮಳೆ. ಕಳಸ-ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿದ ದಿನ ಕೋರಂ ಎಲ್ಲಿಂದ ಬರಬೇಕು? ಕೋರಂ ಇಲ್ಲದೆ ಮುಂದೂಡಿದ ಸಭೆ ಮುಂದೆ ಹೋಗುತ್ತ ಹೋಗುತ್ತ ಅರೇಬಿಕಾ ಕೊಯ್ಲಿಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ಆ ವರ್ಷ ಮುಗಿದ ಹಾಗೆ. ಮಲೆನಾಡಿನ ಸಂಘಗಳ ಬಾಕಿಗೆ ಸೋಮಾರಿತನವೊಂದೇ ಕಾರಣ ಎಂದು ಜಿಲ್ಲಾ ಕೇಂದ್ರದಲ್ಲಿ ಕೂತು ಹೇಳುವವರು ಒಂದು ಆಟಿ ತಿಂಗಳು ಇಲ್ಲಿ ಕಳೆಯಲಿ. ಹಾಗೆಂದು ಕಾಯ್ದೆ ಮಳೆಗೆ ರಿಯಾಯಿತಿ ಕೊಟ್ಟಿಲ್ಲ. ಹೂಮಳೆಗೂ ಮುಂಗಾರಿಗೂ ನಡುವೆ ಸಿಗುವ ಮೇ ತಿಂಗಳ ಒಂದು ಭಾನುವಾರವನ್ನು ಬೈಲಾದಲ್ಲೇ ಬರೆದಿಟ್ಟುಕೊಂಡ ಸಂಘ ಜಾಣ ಸಂಘ.

● ಮಲೆನಾಡಿನ ಸಂಘಕ್ಕೆ ದೊಡ್ಡ ಶತ್ರು ಯಾರು ಗೊತ್ತೇ? ಬೂಸ್ಟು. ಸಂಘದ ಕಟ್ಟಡದ ಕಬ್ಬಿಣದ ಬೀರು ತೆಗೆದರೆ ನಡಾವಳಿ ಪುಸ್ತಕದ ರಟ್ಟಿನ ಮೇಲೆ ಬೂದಿ-ಹಸಿರು ಪದರ. ಹಾಳೆಗಳು ಒಂದಕ್ಕೊಂದು ಅಂಟಿ, ಬಿಡಿಸಿದರೆ ಇಂಕ್ ಪೆನ್ನಿನ ಸಹಿ ಎದುರು ಪುಟಕ್ಕೆ ಇಳಿದಿರುತ್ತದೆ. ರಬ್ಬರ್ ಸ್ಟ್ಯಾಂಪು ಅಂಟಂಟು. ಸದಸ್ಯತ್ವ ರಸೀದಿಯ ಬುಡವನ್ನು ಗೆದ್ದಲು ತಿಂದಿರುತ್ತದೆ. ಯಾರು ಸದಸ್ಯರು, ಯಾರು ಅಲ್ಲ ಎಂಬ ವ್ಯಾಜ್ಯ ಎದ್ದರೆ ಕೇಳುವುದು ಇದೇ ಪುಸ್ತಕವನ್ನು. ಹಾಗಾಗಿ ಒಂದು ಸಲಹೆ: ನಡಾವಳಿ ಬರೆದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದು ಇಬ್ಬರಿಗೆ ಕಳಿಸಿಡಿ. ನೋಂದಣಿ ಪತ್ರದ ಮೇಲಿರುವ ‘ಎಸ್‌ಓಆರ್’ ಸಂಖ್ಯೆ ಮತ್ತು ವರ್ಷವನ್ನು ಗೋಡೆಯ ಮೇಲೆ ಬರೆದರೂ ತಪ್ಪಿಲ್ಲ. ಹಳೆಯ ಕಡತ ಹುಡುಕಲು ಕಚೇರಿಯವರು ಮೊದಲು ಕೇಳುವುದು ಅದನ್ನೇ.

● ಕಳಸ ಈಗ ತಾಲ್ಲೂಕು. ಆದರೆ ಅಲ್ಲಿನ ಹಳೆಯ ಸಂಘಗಳ ಪತ್ರದಲ್ಲಿ ಇನ್ನೂ ‘ಕಳಸ, ಮೂಡಿಗೆರೆ ತಾಲ್ಲೂಕು’. ತಾಲ್ಲೂಕು ಬದಲಾದರೂ ನೋಂದಣಿ ಕಚೇರಿ ಬದಲಾಗಿಲ್ಲ. ಅದು ಜಿಲ್ಲಾ ಮಟ್ಟದ್ದು, ಚಿಕ್ಕಮಗಳೂರಿನಲ್ಲೇ. ಮೂಡಿಗೆರೆಯವರಿಗೆ ಮೂವತ್ತು ಕಿಲೋಮೀಟರ್ ಆಸುಪಾಸು, ಕಳಸದವರಿಗೆ ಅದರ ಮೂರರಷ್ಟು. ಒಂದು ಸಹಿ ಬಿಟ್ಟುಹೋದರೆ ಒಂದಿಡೀ ದಿನ ಬಸ್ಸಿಗೆ.

● ಸಂಘ ಬೇರೆ, ಸಹಕಾರ ಸಂಘ ಬೇರೆ. ಎರಡನ್ನೂ ನೋಡುವುದು ಸಹಕಾರ ಇಲಾಖೆಯೇ ಆದ್ದರಿಂದ ಗೊಂದಲ ಸಹಜ. ಪತ್ತಿನ ಸಂಘ, ಹಾಲಿನ ಸಂಘ 1959ರ ಸಹಕಾರ ಕಾಯ್ದೆಗೆ ಸೇರಿದವು. ಅಲ್ಲಿ ಷೇರು ಉಂಟು, ಲಾಭಾಂಶ ಉಂಟು. 1960ರ ಕಾಯ್ದೆಯ ಸಂಘದಲ್ಲಿ ಸದಸ್ಯರಿಗೆ ಹಂಚುವಂಥದ್ದು ಮಹಾಸಭೆಯ ದಿನದ ಊಟ ಮಾತ್ರ.

● ಸಂಘವನ್ನು ಮುಚ್ಚಿದರೂ ಅಷ್ಟೆ. ಸಾಲ ತೀರಿಸಿ ಉಳಿದ ಜಾಗ, ಕಟ್ಟಡ, ಶಾಮಿಯಾನ, ದೊಡ್ಡ ಪಾತ್ರೆಗಳು ಯಾವುದನ್ನೂ ಸದಸ್ಯರು ಹಂಚಿಕೊಳ್ಳುವಂತಿಲ್ಲ.

● ಎಲ್ಲಕ್ಕೂ ನೋಂದಣಿ ಬೇಕೆಂದಿಲ್ಲ. ಕಾಫಿ ಮಂಡಳಿ ಯಾವ ರಿಜಿಸ್ಟ್ರಾರ್ ಮುಂದೆಯೂ ನಿಂತದ್ದಲ್ಲ, 1942ರ ಕಾಫಿ ಕಾಯ್ದೆಯಿಂದ ಹುಟ್ಟಿದ್ದು. ಶಾಲೆಯ ಎಸ್‌ಡಿಎಂಸಿಗೂ ಸಂಘದ ನೋಂದಣಿ ಬೇಡ. ಗಣಪತಿ ಕೂರಿಸುವ ಸಮಿತಿ ಪೊಲೀಸರ ಮತ್ತು ಪಂಚಾಯಿತಿಯ ಅನುಮತಿ ಪಡೆದರೆ ಆಯಿತು. ಬೆಳೆಗಾರರ ಸಂಘಟನೆಗಳಿಗಾದರೆ ಇತಿಹಾಸ ಉದ್ದ: ದಕ್ಷಿಣ ಭಾರತದ ತೋಟಗಾರರ ಒಕ್ಕೂಟ ‘ಉಪಾಸಿ’ ಹುಟ್ಟಿದ್ದು 1893ರಲ್ಲಿ, ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್ 1958ರಲ್ಲಿ.

ತೋಟದ ಕಾರ್ಮಿಕರ ಯೂನಿಯನ್ ಮಾತ್ರ ಪೂರ್ತಿ ಬೇರೆ ದಾರಿ. 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲಿದ್ದ ನಿಯಮ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆಗೆ ಬಂದಿದೆ. ಕನಿಷ್ಠ ಸಂಖ್ಯೆ ಅಲ್ಲೂ ಏಳೇ!

● ಸ್ತ್ರೀಶಕ್ತಿ, ಸ್ವಸಹಾಯ ಗುಂಪುಗಳಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಸದಸ್ಯೆಯರು ಯಾಕಿರುವುದಿಲ್ಲ? ಹಳೆಯ 1956ರ ಕಂಪನಿ ಕಾಯ್ದೆಯ ಪ್ರಕಾರ ಲಾಭದ ಉದ್ದೇಶಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರಿದರೆ ನೋಂದಣಿ ಕಡ್ಡಾಯವಿತ್ತು. ಆ ರಗಳೆಯೇ ಬೇಡವೆಂದು ಇಪ್ಪತ್ತಕ್ಕೆ ನಿಲ್ಲಿಸಿದರು. ಕಾಯ್ದೆ ಹೋಗಿ ಕಾಯ್ದೆ ಬಂದರೂ ರೂಢಿ ಉಳಿದಿದೆ.

● ಕನ್ನಡ ಸಾಹಿತ್ಯ ಪರಿಷತ್ತೂ (1915) ಸಂಘಗಳ ಕಾಯ್ದೆಯಡಿ ನೋಂದಾದ ಸಂಸ್ಥೆಯೇ. ಅದರ ಜಿಲ್ಲಾ, ತಾಲ್ಲೂಕು ಘಟಕಗಳು ಪ್ರತ್ಯೇಕ ಸಂಘಗಳಲ್ಲ, ತಾಯಿ ಸಂಸ್ಥೆಯ ಬೈಲಾದ ಕೂಸುಗಳು.

● ಹೆಸರಿಡುವಾಗ ಜೋಪಾನ. 1950ರ ಲಾಂಛನಗಳು ಮತ್ತು ಹೆಸರುಗಳ ಕಾಯ್ದೆಯ ಪಟ್ಟಿಯಲ್ಲಿ ಮಹಾತ್ಮ ಗಾಂಧಿ, ನೆಹರು, ಛತ್ರಪತಿ ಶಿವಾಜಿ ಹೆಸರುಗಳೂ ಇವೆ. ಕೇಂದ್ರದ ಅನುಮತಿ ಇಲ್ಲದೆ ಅವನ್ನು ಹೊತ್ತು ಹೋದರೆ ನೋಂದಣಾಧಿಕಾರಿ ಅರ್ಜಿ ವಾಪಸು ಕೊಡಬಹುದು. ಊರ ಹೊಳೆಯ ಹೆಸರೋ ಗುಡ್ಡದ ಹೆಸರೋ ಇಟ್ಟರೆ ಯಾರ ತಕರಾರೂ ಇಲ್ಲ. ಮೇರುತಿ ಗುಡ್ಡಕ್ಕೆ ಇನ್ನೂ ಕಾಯ್ದೆ ಬಂದಿಲ್ಲ.

● ಟ್ರಸ್ಟ್ ಮಾಡಿದರೆ ರಗಳೆ ಕಡಿಮೆ ಎನ್ನುವವರಿದ್ದಾರೆ. ಭಾಗಶಃ ನಿಜ. ಟ್ರಸ್ಟ್ ಡೀಡನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಗಿಯಿತು. ಅಲ್ಲಿ ಪ್ರತಿವರ್ಷ ಪಟ್ಟಿ ಕೊಡುವ ಕೆಲಸವಿಲ್ಲ, ಮಹಾಸಭೆಯಿಲ್ಲ, ಚುನಾವಣೆಯಿಲ್ಲ. ಊರಿಗೆ ಲೆಕ್ಕ ಕೇಳುವ ಹಕ್ಕು ಸಲೀಸಾಗಿ ಸಿಗದಿರುವುದೂ ಅದಕ್ಕೇ. ನಾಲ್ಕು ಜನರ ಕನಸಿಗೆ ಟ್ರಸ್ಟ್ ಸರಿ. ಊರೊಟ್ಟಿನ ಆಟದ ಮೈದಾನಕ್ಕೋ ವಾಚನಾಲಯಕ್ಕೋ ಸಂಘವೇ ಸರಿ ಎಂದು ನನ್ನ ಮತ.

ಟ್ರಸ್ಟಿನ ಇನ್ನೊಂದು ಗುಟ್ಟು ಕುದುರೆಮುಖದ ಮೊಕದ್ದಮೆಯಲ್ಲಿದೆ. ಅಲ್ಲಿನ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಬೇಕೆಂದು ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ಕೊಟ್ಟ ತೀರ್ಪು ‘ಕೆ.ಎಂ. ಚಿಣ್ಣಪ್ಪ’ ಹೆಸರಿನಲ್ಲಿದೆ. ಹೋರಾಡಿದ ಸಂಸ್ಥೆ ‘ವೈಲ್ಡ್‌ಲೈಫ್ ಫಸ್ಟ್’. ಆದರೆ ಕಟಕಟೆಯಲ್ಲಿ ನಿಂತ ಹೆಸರು ಅದರ ಟ್ರಸ್ಟಿ, ನಾಗರಹೊಳೆಯ ನಿವೃತ್ತ ಅರಣ್ಯಾಧಿಕಾರಿ ಚಿಣ್ಣಪ್ಪನವರದು. ಕಂಪನಿಗೆ ಇರುವಂಥ ಪ್ರತ್ಯೇಕ ಕಾನೂನು ವ್ಯಕ್ತಿತ್ವ ಟ್ರಸ್ಟ್‌ಗೆ ಇಲ್ಲದ್ದರಿಂದ ಅದರ ಪರವಾಗಿ ಟ್ರಸ್ಟಿಗಳೇ ದಾವೆ ಹೂಡುತ್ತಾರೆ, ಟ್ರಸ್ಟಿಗಳ ಮೇಲೆಯೇ ದಾವೆ ಬೀಳುತ್ತದೆ. ಗಣಿ 2005ರ ಕೊನೆಗೆ ನಿಂತಿತು. ಭದ್ರೆಗೆ ಹೂಳು ಹೋಗುವುದು ತಪ್ಪಿಸಿದ್ದು ಹಾಡು-ಹಸೆಯಲ್ಲ, ಸರಿಯಾಗಿ ಬರೆದ ಕಾಗದ.

● ನೋಂದಣಿ ಪತ್ರ ಇದೆಯೆಂದರೆ ತೆರಿಗೆ ವಿನಾಯಿತಿ ಇದೆಯೆಂದಲ್ಲ. ಅದಕ್ಕೆ ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆಯೇ ನೋಂದಣಿ. 12ಎ ಎಂದು ಕರೆಯುತ್ತಿದ್ದುದು 2021ರ ಏಪ್ರಿಲ್‌ನಿಂದ 12ಎಬಿ ಆಯಿತು, ಒಮ್ಮೆ ಪಡೆದರೆ ಆಜೀವ ಎಂಬ ಸುಖ ಅಲ್ಲಿಗೆ ಮುಗಿಯಿತು. ಹೊಸ ಸಂಸ್ಥೆಗೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ, ಆಮೇಲೆ ಐದು ವರ್ಷದ್ದು. ಅವಧಿ ಮುಗಿಯಲು ಆರು ತಿಂಗಳಿರುವಾಗಲೇ ನವೀಕರಣದ ಅರ್ಜಿ ಹೋಗಿರಬೇಕು. 2021ರಲ್ಲಿ ಹೊಸ ಪದ್ಧತಿಗೆ ಬಂದ ಹಳೆಯ ಸಂಸ್ಥೆಗಳ ಐದು ವರ್ಷ 2026ರ ಮಾರ್ಚ್ 31ಕ್ಕೆ ಮುಗಿಯುವಂಥದ್ದು. ಅರ್ಜಿಯ ಕೊನೆ ದಿನ 2025ರ ಸೆಪ್ಟೆಂಬರ್ 30 ಆಗಿತ್ತು.

ಸಣ್ಣವರಿಗೆ ಒಂದು ಸಮಾಧಾನ ಉಂಟು. 2025ರ ಹಣಕಾಸು ಕಾಯ್ದೆಯ ಪ್ರಕಾರ, ಹಿಂದಿನ ಎರಡು ವರ್ಷಗಳಲ್ಲಿ ತಲಾ ₹5 ಕೋಟಿಯೊಳಗೆ ಆದಾಯವಿದ್ದ ಸಂಸ್ಥೆಗೆ ಐದರ ಬದಲು ಹತ್ತು ವರ್ಷ. ನಮ್ಮ ಬೆಟ್ಟಗಳಲ್ಲಿ ₹5 ಕೋಟಿ ದಾಟುವ ಯುವಕ ಸಂಘ ಯಾವುದಿದೆ ಹೇಳಿ! ಇನ್ನೊಂದು ಮಾತು: 2026ರ ಏಪ್ರಿಲ್ 1ರಿಂದ ಅನ್ವಯವಾಗುವುದು 2025ರ ಹೊಸ ಆದಾಯ ತೆರಿಗೆ ಕಾಯ್ದೆ. ಕಲಮುಗಳ ನಂಬರು ಬದಲು. ಆಡಿಟರ್ ಹೊಸ ನಂಬರು ಹೇಳಿದರೆ ಗಾಬರಿ ಬೇಡ.

● ಒಂದು ಮೂಟೆ ಕಾಫಿ ದಾನ ಕೊಟ್ಟರೆ ದಾನಿಗೆ 80ಜಿ ಕಲಮಿನ ತೆರಿಗೆ ರಿಯಾಯಿತಿ ಸಿಗುತ್ತದೆಯೇ? ಇಲ್ಲ. 80ಜಿ ರಿಯಾಯಿತಿ ಹಣದ ದಾನಕ್ಕೆ ಮಾತ್ರ. ಪಾರ್ಚ್‌ಮೆಂಟ್ ಮೂಟೆ, ಮೆಣಸಿನ ಚೀಲ, ಕಟ್ಟಡಕ್ಕೆ ಕೊಟ್ಟ ಸಿಲ್ವರ್ ಮರ ಯಾವುದೂ ಲೆಕ್ಕಕ್ಕಿಲ್ಲ. ನಗದಾಗಿ ಕೊಟ್ಟರೂ ₹2,000 ದಾಟಿದರೆ ಇಲ್ಲ. ಚೆಕ್ಕೋ ಆನ್‌ಲೈನೋ ಆಗಬೇಕು. ಅದಕ್ಕಿಂತ ತಮಾಷೆ ಇಲ್ಲಿದೆ: ಹಸಿ ಹಣ್ಣನ್ನೋ ಒಣಗಿಸಿದ ಚೆರಿಯನ್ನೋ ಹಾಗೇ ಮಾರುವ ಬೆಳೆಗಾರನದು ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ತೆರಿಗೆಯೇ ಇಲ್ಲದವನಿಗೆ ರಿಯಾಯಿತಿ ಯಾವುದಕ್ಕೆ? ಕ್ಯೂರಿಂಗ್ ಮಾಡಿಸಿ ಮಾರಿದರೆ ಲಾಭದ ಶೇ 25ರಷ್ಟು, ಹುರಿದು ಪುಡಿ ಮಾಡಿ ಮಾರಿದರೆ ಶೇ 40ರಷ್ಟು ವ್ಯಾಪಾರದ ಆದಾಯ. 80ಜಿ ರಸೀದಿ ಉಪಯೋಗಕ್ಕೆ ಬರುವುದು ಅಂಥವರಿಗೆ, ಮತ್ತು ಬೆಂಗಳೂರಲ್ಲಿ ಸಂಬಳ ಎಣಿಸುವ ಅವರ ಮಕ್ಕಳಿಗೆ.

● ಜಾತಿ ಸಂಘಗಳಿಗೆ ಒಂದು ಕಿವಿಮಾತು. 1962ರ ಏಪ್ರಿಲ್ 1ರ ನಂತರ ಹುಟ್ಟಿದ ಧರ್ಮಾರ್ಥ ಸಂಸ್ಥೆ ಒಂದೇ ಜಾತಿ ಅಥವಾ ಒಂದೇ ಮತದವರ ಲಾಭಕ್ಕೆಂದು ಇದ್ದರೆ ಆದಾಯ ತೆರಿಗೆ ವಿನಾಯಿತಿ ಸಿಗದು. ಪರಿಶಿಷ್ಟ ಜಾತಿ-ಪಂಗಡ, ಹಿಂದುಳಿದ ವರ್ಗ, ಮಹಿಳೆ ಮತ್ತು ಮಕ್ಕಳಿಗಾಗಿ ಇರುವವಕ್ಕೆ ಈ ತಡೆಯಿಲ್ಲ. ಬೈಲಾದಲ್ಲಿ ‘ನಮ್ಮ ಸಮಾಜ ಬಾಂಧವರಿಗೆ ಮಾತ್ರ’ ಎಂದು ಬರೆಯುವ ಮುನ್ನ ಆ ‘ಮಾತ್ರ’ದ ಬೆಲೆ ಕೇಳಿಕೊಳ್ಳಿ.

● ಅಮೆರಿಕದಲ್ಲಿರುವ ಮಗ ಊರ ಶಾಲೆಗೆ ದುಡ್ಡು ಕಳಿಸಿದರೆ ಅದು ವಿದೇಶಿ ದೇಣಿಗೆಯೇ? ಅವನ ಜೇಬಿನಲ್ಲಿರುವ ಪಾಸ್‌ಪೋರ್ಟ್ ಯಾವುದೆಂದು ನೋಡಿ. ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅಲ್ಲ. ಆ ದೇಶದ ಪೌರತ್ವ ಪಡೆದು ಓಸಿಐ ಕಾರ್ಡ್ ಹಿಡಿದಿದ್ದರೆ ಹೌದು, ಅವನು ಕಳಸದಲ್ಲೇ ಹುಟ್ಟಿ ಬೆಳೆದಿದ್ದರೂ. ಆಗ ಸಂಘಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಒಂದು ಡಾಲರನ್ನೂ ಮುಟ್ಟುವಂತಿಲ್ಲ. ನೋಂದಣಿ ಬೇಕೆಂದರೆ ಸಾಮಾನ್ಯವಾಗಿ ಮೂರು ವರ್ಷ ಹಳೆಯ ಸಂಸ್ಥೆಯಾಗಿರಬೇಕು, ಆ ಮೂರು ವರ್ಷದಲ್ಲಿ ಉದ್ದೇಶಗಳಿಗಾಗಿ ₹15 ಲಕ್ಷ ಖರ್ಚು ಮಾಡಿರಬೇಕು. ನೋಂದಣಿಯ ಆಯಸ್ಸು ಐದು ವರ್ಷ.

2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಇಳಿಯಬೇಕಾದ್ದು ಒಂದೇ ಜಾಗದಲ್ಲಿ: ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆ. ನ್ಯೂಜೆರ್ಸಿಯಿಂದ ಹೊರನಾಡಿಗೆ ಬರುವ ದುಡ್ಡೂ ದೆಹಲಿ ನೋಡಿಕೊಂಡೇ ಬರಬೇಕು.

● ಹೊರದೇಶದಲ್ಲಿ ಕನ್ನಡ ಕೂಟ ಕಟ್ಟಿಕೊಂಡವರಿಗೂ ಈ ಕಪಾತು ತಪ್ಪಿದ್ದಲ್ಲ. ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ಸತತ ಮೂರು ವರ್ಷ ವಾರ್ಷಿಕ ವರದಿ ಕೊಡದಿದ್ದರೆ ವಿನಾಯಿತಿ ತಾನಾಗಿ ರದ್ದು. ಇನ್ನೊಂದು ಅವಕಾಶ, ‘ಸಾರ್ ದಯವಿಟ್ಟು’ ಯಾವುದೂ ಇಲ್ಲ. ದೇಶದೊಳಗೇ ಇರುವ ಮುಂಬಯಿ ಕನ್ನಡಿಗರಿಗೆ ಎರಡೆರಡು ನೋಂದಣಿ: ಸಂಘವಾಗಿ ಒಂದು, ಸಾರ್ವಜನಿಕ ನ್ಯಾಸವಾಗಿ ಚಾರಿಟಿ ಕಮಿಷನರ್ ಬಳಿ ಇನ್ನೊಂದು.

● ‘ನೀತಿ ಆಯೋಗದ ಮಾನ್ಯತೆ ಪಡೆದ ಸಂಸ್ಥೆ’ ಎಂದು ಲೆಟರ್‌ಹೆಡ್‌ನಲ್ಲಿ ಅಚ್ಚು ಹಾಕಿಸಿದವರನ್ನು ಕಂಡಿದ್ದೀರಾ? ಆ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಸಿಗುವ ಸಂಖ್ಯೆ ಬರೀ ಗುರುತಿನ ಸಂಖ್ಯೆ, ಮಾನ್ಯತೆಯಲ್ಲ. ಶುಲ್ಕವೂ ಇಲ್ಲ. ಅದನ್ನು ಮಾಡಿಸಿಕೊಡಲು ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗೆ ಒಂದು ಕಾಫಿ ಕುಡಿಸಿ ಕಳಿಸಿಬಿಡಿ.

● ಸರ್ಕಾರದಿಂದ ಗಣನೀಯ ಹಣ ಪಡೆಯುವ ಸಂಘ-ಸಂಸ್ಥೆಗಳೂ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತವೆ ಎಂದು ಸುಪ್ರೀಂ ಕೋರ್ಟು 2019ರ ಸೆಪ್ಟೆಂಬರ್‌ನಲ್ಲಿ ಡಿಎವಿ ಕಾಲೇಜು ಪ್ರಕರಣದಲ್ಲಿ ಹೇಳಿದೆ.

● ಸಂಘದಲ್ಲಿ ಅವ್ಯವಹಾರ ಎಂದು ಸದಸ್ಯರಿಗೆ ಅನ್ನಿಸಿದರೆ? ಅಂಗಡಿ ಕಟ್ಟೆಯಲ್ಲಿ ಕೂತು ಬೈಯುವುದಕ್ಕಿಂತ 1960ರ ಕಾಯ್ದೆಯ ಕಲಂ 25 ಓದುವುದು ಲೇಸು. ಸದಸ್ಯರಲ್ಲಿ ಮೂರನೇ ಒಂದು ಪಾಲು ಜನ ಲಿಖಿತವಾಗಿ ಕೇಳಿದರೆ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು, ತಾನಾಗಿಯೂ ನಡೆಸಬಹುದು. ಕೈಮೀರಿದರೆ ಕಲಂ 27ಎ ಪ್ರಕಾರ ಸರ್ಕಾರ ಆಡಳಿತಾಧಿಕಾರಿಯನ್ನು ಕೂರಿಸುತ್ತದೆ. 1906ರಷ್ಟು ಹಳೆಯ ರಾಜ್ಯ ಒಕ್ಕಲಿಗರ ಸಂಘವೂ ಆಡಳಿತಾಧಿಕಾರಿಯ ಕಾಲ ಕಂಡಿದೆ. ದೊಡ್ಡ ಸಂಘಕ್ಕೆ ಒಂದು, ಸಣ್ಣದಕ್ಕೆ ಒಂದು ಎಂದು ಕಾಯ್ದೆಯಲ್ಲಿ ಬರೆದಿಲ್ಲ.

● 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ-ತೋಟ ಹೋದವು. ಇಂಥ ಹೊತ್ತಿನಲ್ಲಿ ಸಂಘದ ಹೆಸರಿನ ಚಾಲ್ತಿ ಬ್ಯಾಂಕ್ ಖಾತೆ, ಪ್ಯಾನ್, ಹಾಲಿ ಪದಾಧಿಕಾರಿಗಳ ಸಹಿ, ಚುಕ್ತಾ ಲೆಕ್ಕ ಇದ್ದರೆ ಹೊರಗಿನ ನೆರವು ನೇರ ಖಾತೆಗೆ ಬರುತ್ತದೆ. ಇಲ್ಲದಿದ್ದರೆ ಯಾರದೋ ಸ್ವಂತ ಖಾತೆಗೆ ಬಂದು, ಆ ಪುಣ್ಯಾತ್ಮ ಎಷ್ಟೇ ಪ್ರಾಮಾಣಿಕನಿರಲಿ, ಊರ ಬಾಯಿಗೆ ಬೀಳುತ್ತಾನೆ.

ಆದ್ದರಿಂದ ಓದುಗರೇ, ಈ ಭಾನುವಾರ ನಿಮ್ಮೂರಿನ ಸಂಘದ ಕಾರ್ಯದರ್ಶಿಗೆ ಮೂರೇ ಪ್ರಶ್ನೆ ಕೇಳಿ. ಕಡೆಯ ಸಲ ಕಲಂ 13ರ ಪಟ್ಟಿ ಕೊಟ್ಟದ್ದು ಯಾವ ವರ್ಷಕ್ಕೆ? ಆ ಪಟ್ಟಿಯಲ್ಲಿರುವ ಅಧ್ಯಕ್ಷರು ಈಗಲೂ ಅಧ್ಯಕ್ಷರೇ? 12ಎಬಿ ಇದ್ದರೆ ಅದರ ಅವಧಿ ಯಾವಾಗ ಮುಗಿಯುತ್ತದೆ? ಉತ್ತರ ಸಿಗದಿದ್ದರೆ ಮುಂದಿನ ಮಹಾಸಭೆಯಲ್ಲಿ ಆ ಹುದ್ದೆಗೆ ನೀವೇ ನಿಲ್ಲಿ. ಸ್ಪರ್ಧೆ ಇರುವುದಿಲ್ಲ.